ರೈಲಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು: ಸೈನ್ಸ್ ಫಿಕ್ಷನ್, ಸಿನಿಮಾ, ಮತ್ತೆ 'ಅಂಥವರು'

ಮನೆ ಮೈಸೂರಿನಲ್ಲಿ, ಕೆಲಸ ಮಂಡ್ಯದಲ್ಲಿ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಹದಿನೆಂಟು ವರ್ಷದಿಂದ ದಿನಾ ರೈಲು. ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಮಂಡ್ಯ. ಸೀಟು ಸಿಕ್ಕರೆ ಪುಸ್ತಕ ತೆಗೆಯುತ್ತೇನೆ. ಹೆಚ್ಚಾಗಿ ಸೈನ್ಸ್ ಫಿಕ್ಷನ್, ಅಂದರೆ ವಿಜ್ಞಾನ ಹಿಡಿದು ಕಲ್ಪಿಸಿದ ಕಥೆ. ರಕ್ಷಾಪುಟದಲ್ಲಿ ರಾಕೆಟ್ಟೋ, ಮೂರು ಕಣ್ಣಿನ ಪ್ರಾಣಿಯೋ ಇರುತ್ತದೆ. ಪಕ್ಕದವರು ಇಣುಕುತ್ತಾರೆ. ಆಮೇಲೆ ಪ್ರಶ್ನೆ ಶುರು. ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ.

ಇವೆಲ್ಲ ಮಕ್ಕಳ ಕಥೆ ಅಲ್ವಾ ಮೇಡಂ?

ಮಕ್ಕಳಾಗಿದ್ದಾಗ ಶುರುವಾಗುವ ಕಥೆ, ಅಷ್ಟು ನಿಜ. 1998ರಲ್ಲಿ ದೂರದರ್ಶನದಲ್ಲಿ 'ಕ್ಯಾಪ್ಟನ್ ವ್ಯೋಮ್' ಅನ್ನುವ ಬಾಹ್ಯಾಕಾಶದ ಸೀರಿಯಲ್ ಬರುತ್ತಿತ್ತು. ಹಿಂದಿ ಅರ್ಧ ಅರ್ಥವಾಗುತ್ತಿರಲಿಲ್ಲ. ಅಣ್ಣ ಮಹಡಿ ಮೇಲೆ ನಿಂತು ಆಂಟೆನಾ ತಿರುಗಿಸಬೇಕು, ನಾನು ಕೆಳಗಿನಿಂದ "ಬಂತು, ಬಂತು, ಹೋಯ್ತು" ಅಂತ ಕೂಗಬೇಕು. ಅರ್ಥವಾಗದ ಭಾಷೆ, ಅಕ್ಕಿ ಕಾಳು ಚೆಲ್ಲಿದಂಥ ಪರದೆ. ಆದರೂ ಆ ಅರ್ಧ ಗಂಟೆ ನಾನು ಮಂಡ್ಯದಲ್ಲಿ ಇರುತ್ತಿರಲಿಲ್ಲ. ಮುಂದೆ ಡಿಗ್ರಿ ಓದಲು ಮೈಸೂರಿಗೆ ಬಂದ ಮೇಲೆ ಸ್ಟರ್ಲಿಂಗ್ ಟಾಕೀಸಿನ ಇಂಗ್ಲಿಷ್ ಪಿಚ್ಚರುಗಳು ಸಿಕ್ಕವು. ಆಮೇಲೆ ಈ ಹುಚ್ಚು ಬಿಡಲೇ ಇಲ್ಲ.

ಇದೆಲ್ಲ ಫಾರಿನ್ನವರಿಗೆ ಸರಿ. ನಮಗ್ಯಾಕೆ?

ಈ ಮಾತನ್ನು ಮಂಡ್ಯ ಜಿಲ್ಲೆಯವರು ಆಡಬಾರದು. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆಗಿನ ಕಾಲಕ್ಕೆ ಅಷ್ಟುದ್ದದ ತಂತಿ ಜಗತ್ತಿನಲ್ಲೇ ಅಪರೂಪ. ಮಳವಳ್ಳಿಯಲ್ಲಿ ನೀರು ಬೀಳುತ್ತದೆ, ಕೋಲಾರದಲ್ಲಿ ಯಂತ್ರ ತಿರುಗುತ್ತದೆ! ಆ ವರ್ಷ ಮಳವಳ್ಳಿ ಸಂತೆಯಲ್ಲಿ ಯಾರಾದರೂ ಇದನ್ನು ಹೇಳಿದ್ದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಮೈಸೂರಿನವರೂ ಕಡಿಮೆ ಇಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದರು. 'ಆಕಾಶವಾಣಿ' ಅನ್ನುವ ಹೆಸರು ಇಡೀ ದೇಶಕ್ಕೆ ಹೋಗಿದ್ದು ಅಲ್ಲಿಂದ.

ಕನ್ನಡದಲ್ಲಿ ಬರೆದವರೂ ಇದ್ದಾರೆ. ರಾಜಶೇಖರ ಭೂಸನೂರಮಠರನ್ನು ಹುಡುಕಿ ಓದಿ. ಸಿನಿಮಾದಲ್ಲಿ ಮಾತ್ರ ನಾವು ಬಡವರು. 2002ರಲ್ಲಿ ಉಪೇಂದ್ರ ರೋಬೋ ಆಗಿ ಬಂದು ಹೋದ 'ಹಾಲಿವುಡ್' ಬಿಟ್ಟರೆ ಬೆರಳೆಣಿಕೆಯಷ್ಟು.

ಸೈನ್ಸ್ ಫಿಕ್ಷನ್‌ಗೂ ಗೇ, ಟ್ರಾನ್ಸ್‌ಜೆಂಡರ್ ಅನ್ನೋದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಇದನ್ನು ಕೇಳುವವರು ಸಾಮಾನ್ಯವಾಗಿ ಪುಸ್ತಕದ ಹಿಂಬದಿ ಓದಿರುತ್ತಾರೆ. ಸ್ವಲ್ಪ ಉದ್ದದ ಉತ್ತರ.

ಅರ್ಸುಲಾ ಲೆ ಗ್ವಿನ್ ಅನ್ನುವ ಲೇಖಕಿ 1969ರಲ್ಲಿ ಒಂದು ಕಾದಂಬರಿ ಬರೆದರು. 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. ಅಲ್ಲೊಂದು ಹಿಮದ ಗ್ರಹ. ಅಲ್ಲಿನವರು ತಿಂಗಳಲ್ಲಿ ಹೆಚ್ಚಿನ ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗುತ್ತಾರೆ. ಯಾವುದು ಅನ್ನುವುದು ಮೊದಲೇ ಗೊತ್ತಿರುವುದಿಲ್ಲ. ಒಂದು ಮಗುವಿಗೆ ತಾಯಿಯಾದವರು ಇನ್ನೊಂದಕ್ಕೆ ತಂದೆ ಆಗಿರಬಹುದು. ಆ ದೇಶದ ರಾಜನೇ ಬಸುರಿ! ಅಲ್ಲಿ ಯಾರೂ ಬಾಯಿ ಮೇಲೆ ಬೆರಳಿಡುವುದಿಲ್ಲ. ಗಾಬರಿಯಾಗುವುದು ಭೂಮಿಯಿಂದ ಹೋದ ಗಂಡಸು ಒಬ್ಬನಿಗೇ.

ಲೆ ಗ್ವಿನ್ ಅವರಿಗೆ ಇಂಗ್ಲಿಷ್ ಕೈಕೊಟ್ಟಿತು. ಅವರೆಲ್ಲರನ್ನೂ 'ಅವನು' ಅಂತಲೇ ಬರೆದರು. ಓದುವವರ ಕಣ್ಣಿಗೆ ಊರು ತುಂಬಾ ಗಂಡಸರೇ ಕಂಡರು. ಜನ ಟೀಕೆ ಮಾಡಿದರು, ಮುಂದೆ ಅವರೂ ಒಪ್ಪಿಕೊಂಡರು. ನನಗೆ ಓದುವಾಗೆಲ್ಲ ಅನಿಸುವುದು ಒಂದೇ. ಅಯ್ಯೋ, ಈಯಮ್ಮ ಕನ್ನಡದಲ್ಲಿ ಬರೆದಿದ್ದರೆ! ನಮಗೆ 'ಅವರು' ಇದೆ. "ಅವರು ಬಂದರು, ಊಟ ಮಾಡಿದರು, ಮಲಗಿದರು." ಗಂಡೋ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲ, ಮರ್ಯಾದೆಯೂ ಸಿಕ್ಕಿತು. ಮಗುವನ್ನಂತೂ ನಾವು ಹೆಣ್ಣು ಗಂಡು ಮಾಡುವುದೇ ಇಲ್ಲ. "ಮಗು ಅಳ್ತಿದೆ, ಮಗು ಮಲಗಿತು." ನಮ್ಮಮ್ಮ ಇವತ್ತಿಗೂ ನನ್ನ ಮಗಳಿಗೆ "ಬಾರೋ ಕಂದ, ಉಣ್ಣೋ" ಅಂತಾರೆ. ಯಾವ ಸಿದ್ಧಾಂತವೂ ಇಲ್ಲ, ಸುಮ್ನೆ ಮುದ್ದು. ಭಾಷೆಯಲ್ಲಿ ಇಷ್ಟು ಜಾಗ ಇಟ್ಟುಕೊಂಡವರು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ?

ಇಂಥ ಕಥೆ ನಿಮ್ಮ ಮನೆ ಹಿರಿಯರಿಗೆ ಅರ್ಥವಾಗುತ್ತಾ?

ನಮಗಿಂತ ಬೇಗ. 'ಸ್ಟಾರ್ ಟ್ರೆಕ್' ಅನ್ನುವ ಬಾಹ್ಯಾಕಾಶದ ಅಮೆರಿಕನ್ ಟಿವಿ ಸರಣಿಯಲ್ಲಿ 1995ರ ಒಂದು ಕಂತಿದೆ. ಅಲ್ಲೊಂದು ಜಾತಿಯ ಜನ. ಒಂದು ಜೀವ ಒಡಲಿಂದ ಒಡಲಿಗೆ ಹೋಗುತ್ತದೆ, ಹಳೆಯ ನೆನಪೆಲ್ಲ ಜೊತೆಗೇ ಬರುತ್ತದೆ. ಹಿಂದಿನ ಒಡಲಲ್ಲಿ ಗಂಡ ಹೆಂಡತಿ ಆಗಿದ್ದವರು ಈಗ ಎದುರಾಗುತ್ತಾರೆ. ಈಗ ಇಬ್ಬರೂ ಹೆಣ್ಣು. ಪ್ರೀತಿ ಹೋಗಿರುವುದಿಲ್ಲ, ಮುತ್ತು ಕೊಡುತ್ತಾರೆ. ಅವರ ಸಮಾಜಕ್ಕೆ ಇಬ್ಬರೂ ಹೆಣ್ಣು ಅನ್ನುವುದು ಲೆಕ್ಕಕ್ಕೇ ಇಲ್ಲ. ಹಿಂದಿನ ಒಡಲಿನ ನಂಟನ್ನು ಈಗ ಮುಂದುವರಿಸಬಾರದು ಅನ್ನುವುದಷ್ಟೇ ಅವರ ಕಟ್ಟಳೆ. ಅಮೆರಿಕದ ಟಿವಿಯಲ್ಲಿ ಆಗ ಇದು ದೊಡ್ಡ ಗಲಾಟೆ.

ಇದನ್ನು ನಮ್ಮಜ್ಜಿಗೆ ಹೇಳಿದ್ದೆ. ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡರು. "ಹೋದ ಜನ್ಮದ ಋಣ ತೀರಿರ್ಲಿಲ್ಲ, ಪಾಪ" ಅಂದರು. ಅಷ್ಟೇ. ಅದೇ ಅಜ್ಜಿ ಪಕ್ಕದ ಬೀದಿಯ ಒಬ್ಬ ಹುಡುಗನ ನಡಿಗೆ ನೋಡಿ ಏನೇನು ಅಂದಿದ್ದರು ಅನ್ನುವುದೂ ನನಗೆ ನೆನಪಿದೆ. ಕಥೆಯಲ್ಲಿ ದೊಡ್ಡ ಮನಸ್ಸು, ಬೀದಿಯಲ್ಲಿ ಸಣ್ಣ ಮನಸ್ಸು. ಅಜ್ಜಿ ಒಬ್ಬರ ಕಥೆಯಲ್ಲ ಇದು.

ಈಗಿನ ಸಿನಿಮಾ, ಸೀರೀಸಲ್ಲಿ ಬೇಕಂತಲೇ ತುರುಕ್ತಾರೆ ಅಂತಾರಲ್ಲ?

ಕೆಲವು ಕಡೆ ತುರುಕುತ್ತಾರೆ, ಒಪ್ಪುತ್ತೇನೆ. 2019ರ 'ಸ್ಟಾರ್ ವಾರ್ಸ್' ಚಿತ್ರದ ಕೊನೆಯಲ್ಲಿ ಗುಂಪಿನ ಮಧ್ಯೆ ಇಬ್ಬರು ಹೆಂಗಸರು ಮುತ್ತು ಕೊಡುವ ಒಂದು ಚೂರು ದೃಶ್ಯ ಇದೆ. ಕಣ್ಣು ಮಿಟುಕಿಸಿದರೆ ಹೋಯಿತು. ಸಿಂಗಾಪುರದಲ್ಲಿ ಅದನ್ನು ಕತ್ತರಿಸಿಯೇ ತೋರಿಸಿದರು, ಕಥೆಗೆ ಏನೂ ಆಗಲಿಲ್ಲ. ಕತ್ತರಿಗೆ ಅನುಕೂಲವಾಗಲಿ ಅಂತಲೇ ಹೊಲಿದ ಬಟ್ಟೆ ಅದು. ಇತ್ತ ಹೊಗಳಿಕೆಯೂ ಬೇಕು, ಅತ್ತ ದುಡ್ಡೂ ಬೇಕು. ಅಂಥದ್ದಕ್ಕೆ ನಾನು ಚಪ್ಪಾಳೆ ಹೊಡೆಯುವುದಿಲ್ಲ.

ಆದರೆ "ಮೊದಲು ಚೆನ್ನಾಗಿತ್ತು, ಈಗ ಹಾಳು ಮಾಡಿದರು" ಅನ್ನುವುದಕ್ಕೆ ಲೆಕ್ಕ ಕೇಳಿ. 'ಸ್ಟಾರ್ ಟ್ರೆಕ್' ಶುರುವಾಗಿದ್ದು 1966ರಲ್ಲಿ. ಅದರ ಬಾಹ್ಯಾಕಾಶ ಹಡಗಿನಲ್ಲಿ ಆಗಲೇ ಕಪ್ಪು ಹೆಣ್ಣುಮಗಳಿದ್ದಳು, ಏಷ್ಯಾದವನಿದ್ದ. ಮರುವರ್ಷ ರಷ್ಯಾದವನೂ ಬಂದ, ಅದೂ ಅಮೆರಿಕ ರಷ್ಯಾ ಹಾವು ಮುಂಗುಸಿಯಂತಿದ್ದ ಕಾಲದಲ್ಲಿ. ಅವತ್ತೂ ತುರುಕಿದರು ಅಂದವರು ಇದ್ದೇ ಇದ್ದರು. ಆ ಏಷ್ಯಾದವನ ಪಾತ್ರ ಮಾಡಿದ ಜಾರ್ಜ್ ಟಕೇ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರು ಅನ್ನುವ ಒಂದೇ ಕಾರಣಕ್ಕೆ ಅಪ್ಪ ಅಮ್ಮನ ಜೊತೆ ಮುಳ್ಳುತಂತಿಯ ಶಿಬಿರದಲ್ಲಿ ಬೆಳೆದವರು. ದೊಡ್ಡವರಾದ ಮೇಲೆ ಇನ್ನೊಂದು ಬೇಲಿ. ತಾನು ಗೇ ಅಂತ ಬಹಿರಂಗವಾಗಿ ಹೇಳಿದ್ದು 2005ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ. ಗಂಡು ಗಂಡು ಸಂಸಾರ ಮಾಡುವ ಮುಖ್ಯ ಪಾತ್ರಗಳು ಆ ಸರಣಿಯೊಳಗೆ ಬಂದಿದ್ದು 2017ರಲ್ಲಿ. ಬೆಳಕಿಗಿಂತ ವೇಗದ ಹಡಗು ಮೊದಲ ದಿನವೇ ಸಿದ್ಧವಿತ್ತು. ಇಬ್ಬರು ಗಂಡಸರು ಒಂದೇ ಕನ್ನಡಿ ಮುಂದೆ ನಿಂತು ಹಲ್ಲುಜ್ಜುವುದನ್ನು ತೋರಿಸಲು ಐವತ್ತೊಂದು ವರ್ಷ ಬೇಕಾಯಿತು.

ನನಗೆ ಬೇಕಿರುವುದು ಹಲ್ಲುಜ್ಜುವುದೇ. ಭಾಷಣ ಬೇಡ, ಮೂರನೇ ಕಂತಿಗೆ ಸಾಯಿಸುವುದು ಬೇಡ. ಎಲ್ಲರ ಹಾಗೆ ಇಂಜಿನ್ ರಿಪೇರಿ ಮಾಡಲಿ, ಕಾಫಿ ಚೆನ್ನಾಗಿಲ್ಲ ಅಂತ ಗೊಣಗಲಿ.

ಕನ್ನಡ ಸಿನಿಮಾದಲ್ಲಿ?

ಎಷ್ಟೋ ವರ್ಷ ಒಂದೇ ಮಾದರಿ. ಕೈ ತಿರುಗಿಸುತ್ತಾ ಬರುವ ಪಾತ್ರ, ಹಿಂದೆ ಒಂದು 'ಟೊಂಯ್' ಸದ್ದು, ಹೀರೋ ಹೆದರಿ ಓಡುವುದು, ಟಾಕೀಸಿನಲ್ಲಿ ನಗು. ಆ ನಗುವಿನಲ್ಲಿ ನನ್ನದೂ ಸೇರಿದೆ, ಸುಳ್ಳು ಯಾಕೆ ಹೇಳಲಿ.

2015ರಲ್ಲಿ ತೆರೆಗೆ ಬಂದ 'ನಾನು ಅವನಲ್ಲ ಅವಳು' ಬೇರೆ ಥರ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ್ದು, ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದಿದ್ದು. ಆ ಪಾತ್ರ ಮಾಡಿದ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2021ರಲ್ಲಿ ಅಪಘಾತವಾಗಿ ಅವರು ಹೋದಾಗ ನಮ್ಮ ಬೋಗಿಯವರಿಗೆ ಯಾರಿಗೂ ಮಾತಿರಲಿಲ್ಲ. ಆ ಪಾತ್ರವನ್ನು ಟ್ರಾನ್ಸ್‌ಜೆಂಡರ್ ಕಲಾವಿದರೇ ಮಾಡಬೇಕಿತ್ತು ಅನ್ನುವ ವಾದವಿದೆ. ಸರಿಯಾದ ವಾದ. ಸಿನಿಮಾ ಒಳ್ಳೆಯದು ಅನ್ನುವುದೂ ಸರಿ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು.

ರಂಗದ ಮೇಲಂತೂ ನಮಗೆ ಹೊಸದೇನೂ ಇಲ್ಲ. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ರಾತ್ರಿಯಿಡೀ 'ಕುರುಕ್ಷೇತ್ರ' ಆಡುತ್ತಾರೆ. ಗದ್ದೆ ಉಳುವವರೇ ದುಡ್ಡು ಕೊಟ್ಟು ದುರ್ಯೋಧನನ ಪಾರ್ಟು ತಗೊಳ್ಳುತ್ತಾರೆ. ಒಂದು ಕಾಲಕ್ಕೆ ದ್ರೌಪದಿಯೂ ಗಂಡಸೇ. ಅರ್ಜುನ ಬೃಹನ್ನಳೆಯಾದ ಕಥೆ ಎಲ್ಲರಿಗೂ ಬಾಯಿಪಾಠ. ಆದರೂ 'ಶಿಖಂಡಿ' ಅನ್ನುವುದು ಬೈಗುಳವೇ. ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೆಮ್ಮೆ ಪಟ್ಟೆವು. ಪ್ರಶಸ್ತಿ ಇಲ್ಲದ ಮಂಜಮ್ಮಂದಿರ ಕಥೆ ಕೆಳಗೆ ಬರುತ್ತದೆ.

ಕಾನೂನು ಏನು ಹೇಳುತ್ತೆ?

ಚುಟುಕಾಗಿ: 2014ರಲ್ಲಿ ಸುಪ್ರೀಂ ಕೋರ್ಟ್, ಟ್ರಾನ್ಸ್‌ಜೆಂಡರ್ ಜನರು ತಮ್ಮ ಲಿಂಗ ಯಾವುದೆಂದು ತಾವೇ ಹೇಳಿಕೊಳ್ಳಬಹುದು ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. 2023ರ ಅಕ್ಟೋಬರ್‌ನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜೊತೆಯಲ್ಲಿ ಬಾಳಿದರೆ ಜೈಲಿಲ್ಲ, ಮದುವೆಯಾಗುತ್ತೇವೆ ಅಂದರೆ ರಿಜಿಸ್ಟರ್ ಇಲ್ಲ.

ಮಂಡ್ಯ ಕಡೆ ಅಂಥವರು ಇಲ್ಲವೇ ಇಲ್ಲ, ಅಲ್ವಾ?

ನಮ್ಮ ಚಿಕ್ಕಮ್ಮನ ಮಗ ಇದ್ದಾನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಊರು ಹೆಸರು ಹೇಳುವುದಿಲ್ಲ. ಮೂವತ್ತೇಳು ವರ್ಷ, ಎರಡೆಕರೆ ಕಬ್ಬು, ನಾಲ್ಕು ಹಸು. ಮದುವೆಯಾಗಿಲ್ಲ.

ಮೂವತ್ತು ವರ್ಷದ ಹಿಂದೆ ಹೀಗೆ ಉಳಿದಿದ್ದರೆ ಊರು ಕಿತ್ತು ತಿನ್ನುತ್ತಿತ್ತು. ಈಗ ಯಾರಿಗೂ ಅನುಮಾನವೇ ಇಲ್ಲ. ಯಾಕೆಂದರೆ ಮಂಡ್ಯದಲ್ಲಿ ರೈತರ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ! 2023ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನಿಂದ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ಹೆಣ್ಣು ಕೊಡಪ್ಪಾ ಮಾದಪ್ಪ ಅಂತ. ಇವನನ್ನೂ ಕರೆದಿದ್ದರು. ಹೋಗಿದ್ದ. "ನಾನೊಬ್ನೇ ಅಕ್ಕ, ಬೇರೆ ಏನೋ ಬೇಡ್ಕೊಂಡು ಬಂದೋನು" ಅಂತ ಫೋನ್ ಮಾಡಿ ನಕ್ಕಿದ್ದ. ಏನು ಬೇಡಿಕೊಂಡೆ ಅಂತ ನಾನು ಕೇಳಲಿಲ್ಲ.

ಅದೇ ವರ್ಷದ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೊಟ್ಟೆಯಲ್ಲಿರುವುದು ಹೆಣ್ಣಾ ಗಂಡಾ ಅಂತ ನೋಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಇಂಥದ್ದನ್ನು ಕಾದಂಬರಿಯಲ್ಲಿ ಓದಿದ್ದರೆ ಲೇಖಕರು ಜಾಸ್ತಿ ಮಾಡಿದರು ಅನ್ನುತ್ತಿದ್ದೆ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಅಂತ ಇಷ್ಟು ತಲೆ ಕೆಡಿಸಿಕೊಂಡ ಊರಲ್ಲಿ, ನನ್ನ ತಮ್ಮನಂಥವನು "ನಾನು ಹೀಗೆ" ಅಂತ ಯಾರ ಮುಂದೆ ಹೇಳಬೇಕು? ಚಿಕ್ಕಮ್ಮ ಈಗಲೂ ಜಾತಕ ಹಿಡಿದು ಓಡಾಡುತ್ತಾರೆ. ಹೆಣ್ಣು ಸಿಗಲಿಲ್ಲ ಅಂದಾಗ ಅವರಿಗೆ ದುಃಖ, ಇವನಿಗೆ ಇನ್ನೊಂದು ವರ್ಷ ಉಸಿರು.

ಯಾವ ಪದ ಬಳಸಬೇಕು? ತಪ್ಪಾದರೆ ಭಯ.

ಸಲಿಂಗಿ, ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್, ಲೈಂಗಿಕ ಅಲ್ಪಸಂಖ್ಯಾತರು. ಎಲ್ಲ ನಡೆಯುತ್ತದೆ. ಅವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೋ ಅದು ಇನ್ನೂ ಒಳ್ಳೆಯದು. 'ಅಂಥವರು' ಬೇಡ. ತಲೆಬರಹದಲ್ಲಿ ಹಾಕಿದ್ದು ನೀವು ಕೇಳುವ ಹಾಗೇ ಇರಲಿ ಅಂತ.

ಕ್ಲಾಸಿನಲ್ಲಿ ಇದನ್ನೆಲ್ಲ ಹೇಳ್ತೀರಾ?

ಅಟೆಂಡೆನ್ಸ್ ಕರೆಯುವಾಗ ಒಂಬತ್ತನೇ ನಂಬರ್ ಬಂದರೆ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ. ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ, ಟ್ರಾನ್ಸ್‌ಜೆಂಡರ್ ಜನರನ್ನು, ಮೆತ್ತಗಿನ ಹುಡುಗರನ್ನು ಆಡಿಕೊಳ್ಳುವ ಅಂಕಿ ಅದು. ಒಂದು ವರ್ಷ ಆ ನಂಬರಿನ ಹುಡುಗ ನಿಜಕ್ಕೂ ಮೆತ್ತಗಿನವನು. 'ಪ್ರೆಸೆಂಟ್ ಮಿಸ್' ಅನ್ನುವುದನ್ನೇ ಬಿಟ್ಟ. ಕೈ ಮಾತ್ರ ಎತ್ತುತ್ತಿದ್ದ. ನಾನು ಅಂಕಿ ಬಿಟ್ಟು ಹೆಸರು ಕರೆಯಲು ಶುರು ಮಾಡಿದೆ. ಗುರುತ್ವದ ಜಿ ಬೆಲೆ 9.8 ಅಂತ ಬೋರ್ಡಿನ ಮೇಲೆ ಬರೆದಾಗಲೂ ನಕ್ಕರು. ಅವತ್ತು ಪಾಠ ನಿಲ್ಲಿಸಿ ಅಲನ್ ಟ್ಯೂರಿಂಗ್ ಕಥೆ ಹೇಳಿದೆ. ನಿಮ್ಮ ಜೇಬಲ್ಲಿರುವ ಮೊಬೈಲಿನ ಹಿಂದಿನ ಲೆಕ್ಕಕ್ಕೆ ಬುನಾದಿ ಹಾಕಿದವರು, ಯುದ್ಧದಲ್ಲಿ ಜರ್ಮನರ ಗುಪ್ತಲಿಪಿ ಒಡೆದವರು. 1952ರಲ್ಲಿ ಅವರದೇ ದೇಶ ಬ್ರಿಟನ್ ಅವರನ್ನು ಗೇ ಅನ್ನುವ ಕಾರಣಕ್ಕೆ ಅಪರಾಧಿ ಮಾಡಿ, ಜೈಲು ಬೇಡವೆಂದರೆ ಹಾರ್ಮೋನು ತಗೋ ಅಂದಿತು. ಎರಡು ವರ್ಷದಲ್ಲಿ ತೀರಿಹೋದರು. 2013ರಲ್ಲಿ ಕ್ಷಮಾದಾನ, 2021ರಲ್ಲಿ ಐವತ್ತು ಪೌಂಡಿನ ನೋಟಿನ ಮೇಲೆ ಮುಖ.

ಸ್ಯಾಲಿ ರೈಡ್ ಬಗ್ಗೆಯೂ ಹೇಳಿದೆ. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ. ಇಪ್ಪತ್ತೇಳು ವರ್ಷ ಒಬ್ಬ ಹೆಣ್ಣಿನ ಜೊತೆ ಬಾಳಿದ್ದರು ಅಂತ ಜಗತ್ತಿಗೆ ಗೊತ್ತಾಗಿದ್ದು 2012ರಲ್ಲಿ, ಅವರ ಸಾವಿನ ಸುದ್ದಿಯಲ್ಲಿ. ಆಕಾಶಕ್ಕೆ ಹೋಗುವ ಧೈರ್ಯ ಇದ್ದವರೂ ಇದನ್ನು ಬದುಕಿದ್ದಾಗ ಊರಿಗೆಲ್ಲ ಹೇಳಲಿಲ್ಲ.

ಒಬ್ಬ ಪೋಷಕರು ಬಂದು ದೂರು ಕೊಟ್ಟರು. ಸಿಲಬಸ್ ಮುಗಿಸಿ ಮೇಡಂ ಅಂತ ಮೇಲಿನವರು ಅಂದರು. ಸಿಲಬಸ್ ಮುಗಿಸಿದೆ.

ನೀವೂ ಹಾಗೇನಾ?

ಅಲ್ಲ. ಗಂಡ, ಮಗಳು, ಇಎಂಐ ಎಲ್ಲ ಇದೆ. ಮೊದಲು ಈ ಪ್ರಶ್ನೆ ಬಂದರೆ ಪೂರ್ತಿ ಕೇಳುವ ಮೊದಲೇ "ಅಯ್ಯೋ ಇಲ್ಲಪ್ಪ" ಅನ್ನುತ್ತಿದ್ದೆ. ಆ ಅವಸರ ನೆನೆದರೆ ಈಗ ನಾಚಿಕೆಯಾಗುತ್ತದೆ. ಕೊಳೆ ಕೊಡವಿದ ಹಾಗಿತ್ತು.

ಮತ್ತೆ ನಿಮಗ್ಯಾಕೆ ಇಷ್ಟು ಆಸಕ್ತಿ?

ರೈಲಿನಿಂದ. ಚಪ್ಪಾಳೆ ತಟ್ಟುತ್ತಾ ದುಡ್ಡು ಕೇಳುವವರು ಬರುತ್ತಾರಲ್ಲ. ಬೋಗಿಗೆ ಬಂದ ತಕ್ಷಣ ಅರ್ಧ ಜನಕ್ಕೆ ಗಾಢ ನಿದ್ದೆ ಬರುತ್ತದೆ. ನಾನೂ ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದೆ. ಕೈಯಲ್ಲಿದ್ದದ್ದು ಯಾವ ಪುಸ್ತಕ ಅಂದುಕೊಂಡಿರಿ? ಅದೇ, ಲೆ ಗ್ವಿನ್ ಅವರ ಹಿಮದ ಗ್ರಹ! ಗಂಡು ಹೆಣ್ಣು ಭೇದವಿಲ್ಲದ ಲೋಕವನ್ನು ಓದಿ ಪುಳಕಗೊಳ್ಳುತ್ತಾ, ಮುಂದೆ ನಿಂತವರ ಮುಖ ನೋಡಲು ಆಗದೆ ಕೂತಿದ್ದೆ.

ಶ್ರೀರಂಗಪಟ್ಟಣದ ಹೊಳೆ ದಾಟುವ ಹೊತ್ತು. ರೈಲು ನಿಧಾನವಾಯಿತು. ಹಾಗೆ ಬಂದ ಒಬ್ಬರು ಮುಂದೆ ಹೋಗಲಿಲ್ಲ, ಎದುರು ಸೀಟಿನಲ್ಲಿ ಕೂತರು. ಕಾಲು ನೋವಂತೆ. "ಏನಕ್ಕಾ ಅಷ್ಟು ಓದ್ತಿದ್ದೀಯ?" ಅಂದರು. ಕಥೆ ಹೇಳಿದೆ. ರಾಜ ಬಸುರಿಯಾದದ್ದಕ್ಕೆ ಜೋರಾಗಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಕಿಟಕಿ ನೋಡಿ ಕೇಳಿದರು: "ಅಲ್ಲಿ ನಮಗೆ ಬಾಡಿಗೆ ಮನೆ ಕೊಡ್ತಾರಾ?"

ಉತ್ತರ ಹೊಳೆಯಲಿಲ್ಲ. ಮುನ್ನೂರು ಪುಟದಲ್ಲಿ ಬಾಡಿಗೆ ವಿಷಯ ನಾನು ಹುಡುಕಿಯೇ ಇರಲಿಲ್ಲ. ಅವರಿಗೆ ಮೈಸೂರಿನಲ್ಲಿ ಆ ವರ್ಷ ಅದು ನಾಲ್ಕನೇ ಮನೆಯಂತೆ. ಅಡ್ವಾನ್ಸ್ ಕೊಡುವವರೆಗೂ ಎಲ್ಲ ಸರಿ. ಪಕ್ಕದ ಮನೆಯವರು ನೋಡಿದ ಮೇಲೆ ಓನರ್‌ಗೆ ಇದ್ದಕ್ಕಿದ್ದಂತೆ ಮಗನ ಮದುವೆ ಬರುತ್ತದೆ, ಮನೆ ಬೇಕಾಗುತ್ತದೆ. ಪಾಂಡವಪುರದಲ್ಲಿ ಇಳಿದು ಹೋದರು. ದುಡ್ಡು ಕೇಳುವುದನ್ನು ಮರೆತರು, ಕೊಡುವುದನ್ನು ನಾನೂ ಮರೆತೆ. ಆಮೇಲೆ ಎಷ್ಟೋ ಸಲ ಸಿಕ್ಕಿದ್ದಾರೆ. "ಏನಕ್ಕಾ, ನಿಮ್ಮ ರಾಜನಿಗೆ ಹೆರಿಗೆ ಆಯ್ತಾ?" ಅಂತಲೇ ಮಾತು ಶುರು.

ಮಕ್ಕಳಿಗೆ ತೋರಿಸಬಹುದಾ?

ಹೊಡೆದಾಟ, ರಕ್ತ ತೋರಿಸುವಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನನ್ನ ಮಗಳಿಗೆ ಹನ್ನೊಂದು. ಆ ಇಬ್ಬರು ಗಂಡಸರು ಹಲ್ಲುಜ್ಜುವುದನ್ನು ನೋಡಿ ಅವಳು ಕೇಳಿದ್ದು, ಸ್ಪೇಸ್‌ನಲ್ಲಿ ಉಗಿದರೆ ನೀರು ಎಲ್ಲಿ ಹೋಗುತ್ತೆ ಅಂತ. ಅದಕ್ಕೆ ಉತ್ತರ ಹೇಳಲು ಕಷ್ಟವಾಯಿತು.

ಎಲ್ಲಿಂದ ಶುರು ಮಾಡಲಿ?

'ಮ್ಯಾಟ್ರಿಕ್ಸ್' ನೋಡಿರುತ್ತೀರಿ, 1999ರದ್ದು. ಇನ್ನೊಮ್ಮೆ ನೋಡಿ. ಆಗ ಅಣ್ಣ ತಮ್ಮ ಅಂತ ಹೆಸರಾಗಿದ್ದ ಆ ನಿರ್ದೇಶಕರು ಈಗ ಅಕ್ಕ ತಂಗಿ, ಲಾನಾ ಮತ್ತು ಲಿಲ್ಲಿ ವಾಚೋವ್‌ಸ್ಕಿ. ಲೋಕ ಕೊಟ್ಟ ಹೆಸರು ಒಂದು, ತಾನೇ ಇಟ್ಟುಕೊಂಡ ಹೆಸರು ಇನ್ನೊಂದು ಅಂತ ಒದ್ದಾಡುವ ನಾಯಕ. ಆ ಕಥೆಯ ಮೂಲ ಆಸೆ ಟ್ರಾನ್ಸ್ ಬದುಕಿನದ್ದೇ ಎಂದು ಲಿಲ್ಲಿ 2020ರಲ್ಲಿ ಹೇಳಿದ್ದಾರೆ. ಸ್ಟರ್ಲಿಂಗ್‌ನಲ್ಲಿ ಶಿಳ್ಳೆ ಹೊಡೆದ ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಪುಸ್ತಕ ಎರವಲು ಕೊಡ್ತೀರಾ?

ಕೊಡುತ್ತೇನೆ. ಯಲಿಯೂರಿನಲ್ಲಿ ಹತ್ತುವ ಬ್ಯಾಂಕಿನವರೇ, ಮೂರು ವಾಪಸ್ ಬರಬೇಕು.

ನೀವೇ ಯಾಕೆ ಒಂದು ಕಥೆ ಬರೆಯಬಾರದು?

ಬರೆದಿದ್ದೇನೆ, ಒಂದೇ ಒಂದು. 2090ನೇ ಇಸವಿ, ಮೈಸೂರು. ಒಂಟಿಕೊಪ್ಪಲಿನಲ್ಲಿ ಒಬ್ಬ ಅಜ್ಜಿ ಮಹಡಿ ಮನೆ ಬಾಡಿಗೆಗೆ ಇಟ್ಟಿದ್ದಾರೆ. ಒಬ್ಬರು ನೋಡಲು ಬರುತ್ತಾರೆ. ಕಥೆಯುದ್ದಕ್ಕೂ ಅವರನ್ನು 'ಅವರು' ಅಂತಲೇ ಬರೆದಿದ್ದೇನೆ. ಅಜ್ಜಿ ಕೇಳುವುದು ಎರಡೇ ಪ್ರಶ್ನೆ. ನೀರು ಜಾಸ್ತಿ ಖರ್ಚು ಮಾಡ್ತೀರಾ? ಗಾಡಿ ಎಲ್ಲಿ ನಿಲ್ಲಿಸ್ತೀರಾ? ಆಮೇಲೆ ಬೀಗದ ಕೈ ಕೊಡುತ್ತಾರೆ. ಕಥೆ ಮುಗಿಯಿತು.

ತಮ್ಮನಿಗೆ ಕಳಿಸಿದ್ದೆ. ಹಾಲು ಡೈರಿಗೆ ಹಾಕಿ ಬಂದು ಓದಿ ಫೋನ್ ಮಾಡಿದ. "ಚೆನ್ನಾಗೈತೆ ಅಕ್ಕ. ಆದ್ರೆ ಇದ್ರಲ್ಲಿ ರಾಕೆಟ್ಟೇ ಇಲ್ವಲ್ಲ" ಅಂದ.

ಹಾಕ್ತೀನಿ ಅಂದಿದ್ದೇನೆ.